ಅಪ್ಪನ ಗಡಿಯಾರಗಳು, ಅವ್ವನ ಮುಖ

ಧಾರವಾಡದಲ್ಲಿ ಗಡಿಯಾರಕ್ಕೆ ಕೈಯಿಂದಲೇ ಕೀಲಿ ಕೊಡುವ ಕೆಲವು ಮನೆಗಳು ಇನ್ನೂ ಉಳಿದಿದ್ದ ಕಾಲ ಅದು. ಮೊಬೈಲು ಬಂದಿತ್ತು, ಆದರೆ ಅದು ಅಂಗಡಿಕಾರರ ಕಿಸೆ ಬಿಟ್ಟು ಓಣಿಗಳಿಗೆ ಇನ್ನೂ ಇಳಿದಿರಲಿಲ್ಲ. ನಮ್ಮ ಓಣಿಯವರು ಹೊತ್ತು ಕೇಳಬೇಕಾದರೆ ನಮ್ಮ ಮನೆಯ ಕಟ್ಟೆಯ ಮುಂದೆ ನಿಂತು, "ಮಾಸ್ತರ, ಎಷ್ಟಾತ್ರಿ?" ಎಂದು ಕೂಗುತ್ತಿದ್ದರು. ಅಪ್ಪ ಒಳಗಿನಿಂದಲೇ ನಿಮಿಷ ಸಹಿತ ಹೇಳುತ್ತಿದ್ದ. ಅವರಿಗೆ ನಿಮಿಷ ಬೇಕಿರಲಿಲ್ಲ, ಆದರೂ ಕೇಳಿಸಿಕೊಂಡು ಹೋಗುತ್ತಿದ್ದರು.

ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ. ನಮ್ಮ ಮನೆತನದಲ್ಲಿ ತಿಂಗಳ ಪಗಾರ ಕಂಡ ಮೊದಲ ಮನುಷ್ಯ. ಮೊದಲ ಪಗಾರದಲ್ಲಿ ಅವನು ಅಜ್ಜಿಗೆ ಒಂದು ಸೀರೆ, ತನಗೆ ಒಂದು ಕೈಗಡಿಯಾರ ಕೊಂಡನಂತೆ. ಅಲ್ಲಿಂದ ಹತ್ತಿದ ಹುಚ್ಚು. ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕ ಗಡಿಯಾರಗಳನ್ನು ತಂದು, ಒರೆಸಿ, ಕೆಟ್ಟಿದ್ದನ್ನು ರಿಪೇರಿ ಮಾಡಿಸಿ, ಒಂದು ಅಗಲವಾದ ಡಬ್ಬಿಯಲ್ಲಿ ಸಾಲಾಗಿ ಇಡುತ್ತಿದ್ದ. ಡಬ್ಬಿ ತೆರೆದರೆ ಚರ್ಮದ ಪಟ್ಟಿಯ ವಾಸನೆ, ಸಣ್ಣಗೆ ಎಣ್ಣೆಯ ವಾಸನೆ, ಮತ್ತು ಬಹಳ ದೂರದಲ್ಲಿ ಯಾರೋ ನಡೆದು ಹೋಗುತ್ತಿರುವಂತಹ ಸದ್ದು. ನಾನು ಅದರ ಮೇಲೆ ಕಿವಿ ಇಟ್ಟು ಎಷ್ಟೋ ಮಧ್ಯಾಹ್ನ ನಿದ್ದೆ ಹೋಗಿದ್ದೇನೆ.

ರವಿವಾರ ಬೆಳಿಗ್ಗೆ ಹುಬ್ಬಳ್ಳಿಯ ಕಮರಿಪೇಟೆಯಿಂದ ಈರಣ್ಣ ಕಾಕಾ ಬರುತ್ತಿದ್ದ. ಹತ್ತಿ ವ್ಯಾಪಾರದವನು ಅವನು. ಗಡಿಯಾರದ ಹುಚ್ಚಿನ ಹೊರತಾಗಿ ಅಪ್ಪನಿಗೂ ಅವನಿಗೂ ಬೇರೆ ಯಾವ ಸಂಬಂಧವೂ ಇರಲಿಲ್ಲ. ಕಾಗದದಲ್ಲಿ ಸುತ್ತಿದ ಬಿಸಿ ಮಿರ್ಚಿ ಭಜಿ ಒಂದು ಕೈಯಲ್ಲಿ, ಕರವಸ್ತ್ರದಲ್ಲಿ ಸುತ್ತಿದ ಗಡಿಯಾರ ಇನ್ನೊಂದು ಕೈಯಲ್ಲಿ. ಪಡಸಾಲೆಯಲ್ಲಿ ಹಸಿರು ಬಟ್ಟೆ ಹಾಸಿ ಇಬ್ಬರೂ ಎದುರು ಬದುರು ಕೂತರೆಂದರೆ ಊಟದವರೆಗೂ ಏಳುವುದಿಲ್ಲ.

ಅಪ್ಪನಿಗೆ ಬೇಕಾದದ್ದು ಒಂದೇ. ಗಡಿಯಾರದ ನಡುವೆ ಒಂದು ಗೆರೆ ಎಳೆದರೆ ಎಡಕ್ಕೆ ಏನಿದೆಯೋ ಬಲಕ್ಕೂ ಅದೇ ಇರಬೇಕು. ಅಂಕಿಗಳ ಬದಲು ತೆಳ್ಳಗಿನ ಕಡ್ಡಿಗಳಿದ್ದರೆ ಇನ್ನೂ ಇಷ್ಟ. ಸೆಕೆಂಡಿನ ಸಣ್ಣ ಮುಳ್ಳಿಗೆ ಬೇರೆ ಪುಟ್ಟ ವೃತ್ತ ಇದ್ದರೆ ಅದು ಆರರ ಜಾಗದಲ್ಲಿ, ನಟ್ಟನಡುವೆ ಇರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಅವನಿಗೆ ಆಗದೇ ಇದ್ದದ್ದು ತಾರೀಖಿನ ಕಿಂಡಿ. ಒಮ್ಮೆ ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಅಂಗಡಿಯವರು ಬಂಗಾರದ ಬಣ್ಣದ ಚೆಂದದ ಗಡಿಯಾರ ಮುಂದಿಟ್ಟರು. ಅಪ್ಪ ಅದನ್ನು ಕಣ್ಣಿನ ಹತ್ತಿರ ತಂದು, "ಇದು ಮೂರನ್ನ ಯಾಕ ನುಂಗೈತ್ರಿ?" ಎಂದ.

"ಅದು ತಾರೀಖ್ರಿ ಸರ. ತಾರೀಖು ಬೇಕಲ್ರಿ?"

"ತಾರೀಖಿಗೆ ಮನ್ಯಾಗ ಕ್ಯಾಲೆಂಡರ್ ಐತ್ರಿ. ಒಂಬತ್ತು ಪೂರಾ ಐತಿ, ಮೂರು ಇಲ್ಲ. ನೋಡಿದಾಗೊಮ್ಮೆ ಬಲಕ್ಕ ಜಗ್ಗಿದಂಗ ಆಕ್ಕೈತಿ."

ಅಂಗಡಿಯವರು ನಗುತ್ತ ಒಳಗಿಟ್ಟರು. ಜೊತೆಗೆ ಬಂದಿದ್ದ ಈರಣ್ಣ ಕಾಕಾ ಮಾತ್ರ ಬಸ್ ನಿಲ್ದಾಣದಲ್ಲಿ ನನಗೆ ಗಂಭೀರವಾಗಿ ಬಿಡಿಸಿ ಹೇಳಿದ. "ನೋಡ ಸುಜಿ, ಹನ್ನೆರಡು ಅಂಕಿ ಅಂದ್ರ ಹನ್ನೆರಡು ಮಂದಿ ದುಂಡಗ ಉಣ್ಣಾಕ ಕುಂತಂಗ. ಒಬ್ಬನ್ನ ಎಬ್ಬಿಸಿ ಆ ಜಾಗಾದಾಗ ಕಿಡಕಿ ಕೊರದ್ರ ಉಳದವರಿಗೆ ಊಟ ಸೇರತೈತೇನ?"

ಕಾಕಾನಿಗೆ ಅಂಕಿಗಳು ಎಲ್ಲವೂ ಇರಬೇಕು, ದಪ್ಪಗೆ ಇರಬೇಕು. ಅಪ್ಪನಿಗೆ ಒಂದೂ ಬೇಡ. ಈ ಒಂದು ವಿಷಯಕ್ಕೆ ಇಬ್ಬರೂ ವರ್ಷಗಟ್ಟಲೆ ವಾದಿಸಿದರು. ಆದರೆ ಯಾವುದಾದರೂ ಗಡಿಯಾರ ಎಡಬಲ ತಪ್ಪಿದ್ದರೆ ಇಬ್ಬರೂ ಒಂದೇ ಸಲ ಮುಖ ಕಿವುಚುತ್ತಿದ್ದರು. ಸಣ್ಣ ವೃತ್ತ ಒಂದೇ ಬದಿಗಿದ್ದ ಗಡಿಯಾರವೊಂದನ್ನು ಹಿಡಿದು ಅಪ್ಪ, "ಈರಣ್ಣಾ, ಇದಕ್ಕ ಹಲ್ಲು ಬ್ಯಾನಿ ಹತ್ತೈತಿ. ಒಂದ ಗಲ್ಲ ಬಾತಂಗ ಕಾಣತೈತಿ" ಎಂದದ್ದು, ಚಹಾ ತಂದ ಅವ್ವನೂ ಸೇರಿ ಎಲ್ಲರೂ ನಕ್ಕದ್ದು ನೆನಪಿದೆ.

ಈ ಹುಚ್ಚು ಡಬ್ಬಿಯಿಂದ ಹೊರಗೂ ಹರಿದಿತ್ತು. ಗೋಡೆಯ ಮೇಲಿನ ಬುದ್ಧನ ಚಿತ್ರವನ್ನು ದಿನಾ ಒಂದು ಬೆರಳಿನಿಂದ ನೆಟ್ಟಗೆ ಮಾಡುತ್ತಿದ್ದ. ಶಾಲೆಗೆ ಹೊರಟ ನನ್ನನ್ನು ನಿಲ್ಲಿಸಿ ಎರಡೂ ಹೆರಳಿನ ರಿಬ್ಬನ್ನು ಒಂದೇ ಎತ್ತರದಲ್ಲಿವೆಯೇ ನೋಡುತ್ತಿದ್ದ. ನಾವು ಹುಡುಗಿಯರು ಅಂಗಳದಲ್ಲಿ ಕುಂಟಾಟಕ್ಕೆ ಅಂಕುಡೊಂಕಾಗಿ ಗೆರೆ ಎಳೆದರೆ, ತಡೆಯಲಾರದೆ ಸುಣ್ಣದ ಕಡ್ಡಿ ಮತ್ತು ಹುರಿ ತಂದು ಎಲ್ಲ ಮನೆಗಳನ್ನೂ ಸಮನಾಗಿ ಬರೆದುಕೊಡುತ್ತಿದ್ದ. ಅವ್ವನಿಗೆ ಇದೆಲ್ಲ ನಗೆಯ ವಿಷಯ. ಅಡುಗೆಮನೆಯ ಸಾಲಿನಲ್ಲಿ ಒಂದು ಡಬ್ಬಿಯನ್ನು ಬೇಕೆಂದೇ ತಿರುವಿ ಇಟ್ಟು, ಅಪ್ಪ ನೀರು ಕುಡಿಯಲು ಬಂದಾಗ ನನ್ನತ್ತ ಕಣ್ಣು ಮಿಟುಕಿಸುತ್ತಿದ್ದಳು. ಅವನು ನೀರು ಕುಡಿಯುತ್ತಲೇ ಇನ್ನೊಂದು ಕೈಯಿಂದ ಡಬ್ಬಿ ತಿರುಗಿಸುತ್ತಿದ್ದ. ತಾನು ಹಾಗೆ ಮಾಡಿದೆನೆಂಬುದು ಅವನಿಗೆ ತಿಳಿಯುತ್ತಲೂ ಇರಲಿಲ್ಲ.

ಅವ್ವ ಸರಕಾರಿ ಕನ್ನಡ ಶಾಲೆಯಲ್ಲಿ ಒಂದನೆಯ ಇಯತ್ತೆಯ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು. ಅವಳ ತವರು ಅಮ್ಮಿನಬಾವಿ. ಆ ವರ್ಷ ನಾನು ಮೂರನೆಯ ಇಯತ್ತೆ. ಎಳ್ಳಮಾವಾಸ್ಯೆಗೆ ಅವ್ವ, ನಾನು ಅಮ್ಮಿನಬಾವಿಗೆ ಹೋಗಿದ್ದೆವು. ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಗುರೆಳ್ಳಿನ ಚಟ್ನಿ ಉಂಡು, ಹಸಿ ಕಡಲೆಯ ಸುಲಗಾಯಿಯ ಹೊರೆ ಕಟ್ಟಿಕೊಂಡು ಸಂಜೆಯ ಬಸ್ಸು ಹತ್ತಿದೆವು. ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ತಣ್ಣನೆಯ ಗಾಳಿ ಒಂದೇ ಸಮ ಬೀಸುತ್ತಿತ್ತು. ಅವ್ವ ನನ್ನನ್ನು ಒಳಬದಿಗೆ ಕೂರಿಸಿ, ತಾನು ಕಿಟಕಿಗೆ ಕೆನ್ನೆ ಕೊಟ್ಟು ಕಣ್ಣು ಮುಚ್ಚಿ ಕೂತಿದ್ದಳು. ಹೊರಗೆ ಜೋಳದ ಹೊಲಗಳ ಮೇಲೆ ಮಂಜು ಹಾಲಿನಂತೆ ಇಳಿಯುತ್ತಿದ್ದುದನ್ನು ಅವಳ ಮಡಿಲಿನಿಂದ ನೋಡುತ್ತಾ ಬಂದೆ.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದೆ. ಪಕ್ಕದಲ್ಲಿ ಅವ್ವ ಬಾಯಿ ಮುಕ್ಕಳಿಸುತ್ತಿದ್ದಳು. ನೀರು ಅವಳ ಬಾಯಿಯ ಎಡ ಮೂಲೆಯಿಂದ ತಾನಾಗಿ ಸೋರಿತು. ಅವಳು ನನ್ನತ್ತ ತಿರುಗಿದಳು. ಅರ್ಧ ಮುಖ ನಿದ್ದೆ ಹೋದಂತಿತ್ತು. ಎಡಗಣ್ಣು ಮಾತ್ರ ಬಿಟ್ಟಂತೆಯೇ ಇತ್ತು. ಆಟ ಆಡುತ್ತಿದ್ದಾಳೆಂದುಕೊಂಡು ನಾನೂ ಬಾಯಿ ಸೊಟ್ಟ ಮಾಡಿ ಅಣಕಿಸಿದೆ. ಅವ್ವ ನಗಲಿಲ್ಲ. ಕೈಯಿಂದ ಕೆನ್ನೆ ಮುಟ್ಟಿಕೊಂಡಳು, ಮತ್ತೆ ಮುಟ್ಟಿಕೊಂಡಳು. "ಸುಜಿ, ಅಪ್ಪನ್ನ ಕರಿ" ಎಂದಳು. 'ಅಪ್ಪ' ಎಂಬ ಮಾತು ಅವಳ ತುಟಿಯಲ್ಲಿ ಮೂಡಲಿಲ್ಲ. ಗಾಳಿ ಮಾತ್ರ ಬಂತು.

ಡಾಕ್ಟರು ಹೆದರಬೇಡಿ ಎಂದರಂತೆ. ಮುಖದ ನರವೊಂದು ಬಾತಿದೆ, ಮಿದುಳಿಗೆ ಏನೂ ಆಗಿಲ್ಲ. ಗುಳಿಗೆ, ಕಣ್ಣಿಗೆ ಹನಿ ಹಾಕುವ ಔಷಧ, ಮತ್ತು ಕನ್ನಡಿಯ ಮುಂದೆ ಕೂತು ಮಾಡುವ ಮುಖದ ವ್ಯಾಯಾಮ. ಬಲೂನು ಊದಬೇಕು, ಸೀಟಿ ಹೊಡೆಯಬೇಕು, ಅಕ್ಷರಗಳನ್ನು ತುಟಿ ಒತ್ತಿ ಹೇಳಬೇಕು. ಬಹಳ ಮಂದಿಗೆ ಪೂರ್ತಿ ಸರಿಯಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿಯಬಹುದು ಎಂದೂ ಹೇಳಿದ್ದರು. ಅವ್ವನ ಕಿವಿಯಲ್ಲಿ ನಿಂತದ್ದು ಆ ಕೊನೆಯ ಮಾತು.

ಅಂದಿನಿಂದ ಮನೆಯ ಗತಿಯೇ ಬದಲಾಯಿತು. ಅವ್ವ ಶಾಲೆಗೆ ರಜೆ ಹಾಕಿದಳು. ಸೆರಗನ್ನು ತಲೆಯ ಮೇಲಿನಿಂದ ಎಳೆದು ಎಡಗೆನ್ನೆ ಮುಚ್ಚಿಕೊಂಡಳು. ಕೂರುವಾಗ ಎಡಬದಿ ಗೋಡೆಗೆ ಇರುವಂತೆ ಜಾಗ ಹುಡುಕಿ ಕೂರುತ್ತಿದ್ದಳು. ಅಪ್ಪನಿಗೂ ನನಗೂ ಬಡಿಸಿ ಒಳಗೆ ಹೋಗಿ ಒಬ್ಬಳೇ ಉಣ್ಣುತ್ತಿದ್ದಳು. ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ತೂಗುಹಾಕಿದ್ದಳು. ವ್ಯಾಯಾಮದ ಮಾತೇ ಇಲ್ಲ. ಅಪ್ಪನಿಗೂ ಏನು ಮಾಡಬೇಕೆಂದು ತಿಳಿಯದು. ಅವಳು ಬಂದರೆ ತಾಟಿನ ಕಡೆ ನೋಡುವನು, ಅವಳು ಮಾತಾಡಿದರೆ ಕಿಟಕಿಯ ಕಡೆ ನೋಡುವನು. ಸಾಲು ತಪ್ಪಿದ ಡಬ್ಬಿಗಳು ಅಡುಗೆಮನೆಯಲ್ಲಿ ಹಾಗೆಯೇ ಇರುತ್ತಿದ್ದವು. ಚಳಿಗಾಲದ ಬಿಸಿಲು ಪಡಸಾಲೆಗೆ ಬಂದು, ಯಾರೂ ಮಾತಾಡಿಸದೆ ಹಾಗೆಯೇ ಹಿಂದೆ ಹೋಗುತ್ತಿತ್ತು.

ಅಮ್ಮಿನಬಾವಿಯಿಂದ ದೊಡ್ಡವ್ವ ಬಂದಳು, ಅವ್ವನ ಅಕ್ಕ. ತಿಕ್ಕಲು ಎಣ್ಣೆ ತಂದಿದ್ದಳು. ಮಧ್ಯಾಹ್ನ ಇಬ್ಬರೂ ಅಡುಗೆಮನೆಯಲ್ಲಿ ಸುಲಗಾಯಿ ಬಿಡಿಸುತ್ತಾ ಕೂತಿದ್ದರು. ನಾನು ಬಾಗಿಲ ಬಳಿ ಹಸಿ ಕಡಲೆ ತಿನ್ನುತ್ತಿದ್ದೆ.

"ಡಾಕ್ಟರು ಹೇಳಿದ್ದು ಮಾಡವಲ್ಲಿ ಅಂತಲ್ಲ, ಯಾಕ?" ದೊಡ್ಡವ್ವ ಕೇಳಿದಳು.

"ಮಾಡಿದ್ರ ಏನಾಕ್ಕೈತಿ ಅಕ್ಕಾ? ಅವರು ನನ್ನ ಮುಖಾನ ನೋಡವಲ್ರು." ಅವ್ವನ ಮಾತು ಒಡೆದ ಕೊಳಲಿನಂತೆ ಅಲ್ಲಲ್ಲಿ ಸೋರುತ್ತಿತ್ತು. "ಗಡಿಯಾರದಾಗ ಕೂದಲೆಳಿ ಅಷ್ಟ ಓರಿ ಇದ್ರ ತಡಕೊಳ್ಳದ ಮನಷ್ಯಾ. ಹಲ್ಲು ಬ್ಯಾನಿ ಹತ್ತೈತಿ ಅಂತ ನಕ್ಕು ತಿರುಗಿ ಕೊಟ್ಟು ಬರ್ತಾರ. ಆವಾಗ ನಾನೂ ನಕ್ಕಿದ್ದೆ. ಈಗ ನನ್ನ ಗಲ್ಲಾನ ಹಂಗ ಆಗೈತಿ."

ದೊಡ್ಡವ್ವ ಅವಳ ಕಣ್ಣೊರೆಸಿ ತಲೆ ನೇವರಿಸಿದಳು. ನನ್ನ ಬಾಯಿಯಲ್ಲಿದ್ದ ಕಡಲೆಯ ಸಿಹಿ ಹೋಯಿತು. ಅವ್ವನನ್ನು ತಿರುಗಿ ಕೊಟ್ಟು ಬರುವುದೆಂದರೆ ಎಲ್ಲಿಗೆ? ಅಮ್ಮಿನಬಾವಿಗೇ ಇರಬೇಕು, ಅಲ್ಲಿಂದಲೇ ತಾನೇ ತಂದದ್ದು. ಅದಕ್ಕೇ ದೊಡ್ಡವ್ವ ಬಂದಿರಬೇಕು ಎಂದು ನನಗೆ ನಾನೇ ಲೆಕ್ಕ ಹಾಕಿದೆ.

ಆ ರವಿವಾರ ಈರಣ್ಣ ಕಾಕಾ ಬಂದ. ಅವ್ವ ಹೊರಗೆ ಬರಲಿಲ್ಲ, ಚಹಾ ನನ್ನ ಕೈಯಲ್ಲಿ ಕೊಟ್ಟು ಕಳಿಸಿದಳು. ಕಾಕಾ ಕರವಸ್ತ್ರ ಬಿಚ್ಚಿ ಹೊಸದಾಗಿ ಸಿಕ್ಕ ಗಡಿಯಾರ ತೋರಿಸುತ್ತಿದ್ದ. ಅಪ್ಪ ಅದನ್ನು ಹಿಡಿದುಕೊಂಡಿದ್ದನೇ ಹೊರತು ನೋಡುತ್ತಿರಲಿಲ್ಲ.

"ಎಡಬಲ ಸರಿ ಐತೋ ಇಲ್ಲೋ ಹೇಳ್ರಿ ಮಾಸ್ತರ. ಇಲ್ಲಾಂದ್ರ ನಾಳೆ ತಿರುಗಿ ಕೊಟ್ಟ ಬರ್ತೀನಿ."

ತಿರುಗಿ ಕೊಡುವ ಮಾತು ಬಂದದ್ದೇ ನನಗೆ ತಡೆಯಲಾಗಲಿಲ್ಲ. ಚಹಾದ ತಾಟು ಹಿಡಿದೇ ಕೇಳಿದೆ: "ಅಪ್ಪಾ, ಅವ್ವನ್ನ ಯಾವಾಗ ತಿರುಗಿ ಕೊಟ್ಟ ಬರ್ತೀ?"

ಡಬ್ಬಿಯೊಳಗಿನ ಗಡಿಯಾರಗಳ ಸದ್ದು ಆಗ ಕೇಳಿಸಿತು. ಅಪ್ಪ ನನ್ನತ್ತ ನೋಡಿದ.

"ಏನಂದಿ?"

"ಅವ್ವನ ಗಲ್ಲ ಓರಿ ಆಗೈತಲ್ಲ. ನಿನಗ ಓರಿ ಇದ್ದದ್ದು ಬ್ಯಾಡಲ್ಲ."

"ಯಾರ ಹೇಳಿದ್ರು ನಿನಗ?"

"ಅವ್ವ. ದೊಡ್ಡವ್ವನ ಮುಂದ ಹೇಳಿ ಅತ್ಲು."

ಈರಣ್ಣ ಕಾಕಾ ಅಪ್ಪನ ಕೈಯಿಂದ ಗಡಿಯಾರವನ್ನು ಮೆಲ್ಲಗೆ ತೆಗೆದುಕೊಂಡು ಕರವಸ್ತ್ರದಲ್ಲಿ ಸುತ್ತಿದ. "ನಾ ಬರ್ತೀನ್ರಿ ಮಾಸ್ತರ. ನೀವು ಒಳಗ ಹೋಗ್ರಿ" ಎಂದು, ಚಹಾವನ್ನೂ ಮುಟ್ಟದೆ ಮೆಟ್ಟಿಲಿಳಿದ.

ಅಪ್ಪ ಅಡುಗೆಮನೆಗೆ ಹೋದ. ನಾನು ಹಿಂದೆಯೇ ಹೋದೆ. ಅವ್ವ ಒಲೆಯ ಮುಂದೆ ಎಡಗೆನ್ನೆ ಗೋಡೆಯ ಕಡೆ ಮಾಡಿ ರೊಟ್ಟಿ ಬಡಿಯುತ್ತಿದ್ದಳು. ದೊಡ್ಡವ್ವ ಒಮ್ಮೆ ಅಪ್ಪನ ಮುಖ ನೋಡಿ, ಹಿತ್ತಲಿಗೆ ಎದ್ದು ಹೋದಳು. ಅಪ್ಪ ಅವ್ವನ ಎಡಬದಿಗೆ, ಅವಳಿಗೂ ಗೋಡೆಗೂ ನಡುವೆ ಇದ್ದ ಇಕ್ಕಟ್ಟಿನಲ್ಲಿ ನೆಲಕ್ಕೆ ಕೂತ.

"ಶಾಂತಾ, ಇತ್ತ ನೋಡು."

ಅವ್ವ ಸೆರಗು ಎಳೆದುಕೊಂಡಳು. "ಬ್ಯಾಡ್ರಿ. ನೀವಾ ನೋಡವಲ್ರಿ, ನಾ ಏನ ತೋರಸ್ಲಿ?"

"ನೋಡಿದ್ರ ನಿನಗ ನೋವಾಕ್ಕೈತಿ ಅಂತ ತಲಿ ಕೆಳಗ ಹಾಕಿದ್ದೆ. ಬ್ಯಾರೆ ಏನಿಲ್ಲ. ಖರೇ ಹೇಳ್ತೇನಿ, ಬ್ಯಾರೆ ಏನಿಲ್ಲ."

ಹೆಂಚಿನ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂತು. ಅಪ್ಪನೇ ಅದನ್ನು ತಿರುವಿ ಹಾಕಿದ. ಆಮೇಲೆ ಮೆಲ್ಲಗೆ ಮಾತಾಡಿದ. ನಾನು ಅಪ್ಪ ಅಷ್ಟು ಮಾತಾಡಿದ್ದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ.

"ನಾ ಹುಟ್ಟಿದ ಮನ್ಯಾಗ ನೆಟ್ಟಗ ಇದ್ದದ್ದು ಒಂದೂ ಇರಲಿಲ್ಲ. ಗ್ವಾಡಿ ವಾಲಿತ್ತು, ಬಾಗಲಾ ಕೂಡತಿರಲಿಲ್ಲ. ನಮ್ಮಪ್ಪ ಯಾರ ಕರದ್ರೂ ಅವರ ಹೊಲಕ್ಕ ಓಡಬೇಕು. ಉಣ್ಣಾಕ ಹೊತ್ತಿಲ್ಲ, ಮಲಗಾಕ ಹೊತ್ತಿಲ್ಲ. ನಮ್ಮ ಕೇರಿ ಊರ ಹೊರಗ, ನಮ್ಮ ಮನಿ ಇದ್ದ ಜಾಗಾನ ಓರಿ ಇತ್ತು. ಅಂಗೈಯಷ್ಟ ಜಾಗಾದಾಗರ ಎಲ್ಲಾ ತಮ್ಮ ತಮ್ಮ ಠಿಕಾಣಿಗೆ ಇರ್ಲಿ ಅಂತ ನನಗ ಗಡಿಯಾರ ಬೇಕಾತು. ಅದು ಆ ಸಾಮಾನಿನ ಮಾತು. ನಿನ್ನ ಯಾವತ್ತರ ನಾ ಅಳತಿ ಹಿಡದು ನೋಡೇನೇನ, ಹೇಳು?"

ಅವ್ವ ಕೈಯ ಹಿಟ್ಟು ಒರೆಸಿಕೊಂಡಳು. ಆಮೇಲೆ ತಾನಾಗಿಯೇ ಸೆರಗು ಬಿಟ್ಟಳು. ಮುಚ್ಚಲಾರದ ಎಡಗಣ್ಣಿನಿಂದ ನೀರು ಸುಮ್ಮನೆ ಇಳಿಯುತ್ತಿತ್ತು. ಅದು ಔಷಧವೋ ಅಳುವೋ ತಿಳಿಯಲಿಲ್ಲ. ಅಪ್ಪ ತನ್ನ ಅಂಗಿಯ ತುದಿಯಿಂದ ಅದನ್ನು ಒರೆಸಿದ. ಕಣ್ಣು ಕೆಳಗೆ ಹಾಕಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಕನ್ನಡಿಯನ್ನು ತಂದು ಪಡಸಾಲೆಯ ಬಿಸಿಲಿನಲ್ಲಿ ಒರಗಿಸಿಟ್ಟ. ಅವ್ವನನ್ನು ಅದರ ಮುಂದೆ ಕೂರಿಸಿ ತಾನೂ ಪಕ್ಕಕ್ಕೆ ಕೂತ. ನಾನು ಇಬ್ಬರ ನಡುವೆ ತೂರಿದೆ. ದೊಡ್ಡವ್ವ ಹಿಂದೆ ನಿಂತಳು.

"ನೀನ ಹೇಳಿಕೊಡು. ಒಂದನೇ ಇಯತ್ತೆ ಅಂತ ತಿಳಕೊ" ಎಂದ ಅಪ್ಪ.

ಅವ್ವ ಶುರು ಮಾಡಿದಳು. ಪ, ಫ, ಬ, ಭ, ಮ. ತುಟಿ ಕೂಡಬೇಕಾದ ಅಕ್ಷರಗಳೇ ಅವಳಿಂದ ತಪ್ಪಿಸಿಕೊಂಡು ಹೋಗುತ್ತಿದ್ದವು. ನಾವೆಲ್ಲ ಒಟ್ಟಿಗೆ ಹೇಳಿದೆವು. ಕೆನ್ನೆ ಉಬ್ಬಿಸಿದೆವು, ಹುಬ್ಬು ಏರಿಸಿದೆವು. ಸೀಟಿಯ ಪಾಳಿ ಬಂದಾಗ ಅಪ್ಪ ತುಟಿ ಚೂಪು ಮಾಡಿ ಊದಿದ. ಸೀಟಿ ಬರಲಿಲ್ಲ, ಎಂಜಲು ಸಿಡಿದು ಕನ್ನಡಿಗೆ ಹತ್ತಿತು. ಅವ್ವ ಕನ್ನಡಿಯಲ್ಲಿ ಅವನ ಮುಖವನ್ನೇ ನೋಡುತ್ತಾ, "ರೀ, ನಿಮ್ಮ ಬಾಯಿ ನನ್ನಕಿಂತಾ ಸೊಟ್ಟ ಐತಲ್ರೀ!" ಎಂದಳು.

ನಿಜವಾಗಿಯೂ ಹಾಗಿತ್ತು. ಅಪ್ಪ ಸೀಟಿ ಹೊಡೆಯುವಾಗ ಅವನ ಬಾಯಿ ಪೂರ್ತಿ ಬಲಕ್ಕೆ ಹೋಗುತ್ತಿತ್ತು. ಅಷ್ಟು ವರ್ಷ ಅದು ಯಾರಿಗೂ ಗೊತ್ತಿರಲಿಲ್ಲ, ಅವನಿಗೂ. ದೊಡ್ಡವ್ವ ಮೊದಲು ನಕ್ಕಳು, ಆಮೇಲೆ ಅವ್ವ. ಅವಳ ನಗು ಒಂದೇ ಬದಿಗೆ ಏರಿ, ಇನ್ನೊಂದು ಬದಿ ಹಾಗೆಯೇ ಉಳಿಯಿತು. ಅವಳು ಅದನ್ನು ಕನ್ನಡಿಯಲ್ಲಿ ಕಂಡಳು. ಕಂಡೂ ನಗು ನಿಲ್ಲಿಸಲಿಲ್ಲ.

ಮುಂದಿನ ರವಿವಾರ ಈರಣ್ಣ ಕಾಕಾ ಗಡಿಯಾರ ತರಲಿಲ್ಲ. ಬಾಗಿಲಲ್ಲೇ ನಿಂತು, "ವೈನಿ, ಹೊರಗ ಬರ್ರಿ. ಊದೂದು ಐತಿ" ಎಂದು ಅವ್ವನನ್ನು ಕೂಗಿ, ಕಿಸೆಯಿಂದ ಬಲೂನಿನ ದೊಡ್ಡ ಪಾಕೀಟು ತೆಗೆದ. ಮೂವರು ದೊಡ್ಡವರು ಹಸಿರು ಬಟ್ಟೆಯ ಸುತ್ತ ಕೂತು ಬಲೂನು ಊದಿದರು. ಹತ್ತಿ ವ್ಯಾಪಾರಿಯ ಮುಖ ಟೊಮ್ಯಾಟೊ ಹಣ್ಣಿನಂತಾಯಿತು. ಕಟ್ಟೆಯ ಮುಂದೆ ಹೋಗುವವರು, "ಸುಜಿ, ನಿಂದು ಬರ್ತಡೇ ಏನ?" ಎಂದು ಕೇಳುತ್ತಿದ್ದರು. ನಾನು ಹೌದು ಎಂದೇ ಹೇಳಿ, ಅವರಿಗೆ ಒಂದೊಂದು ಬಲೂನು ಕೊಟ್ಟೆ. ಸಂಜೆ ಹೊತ್ತಿಗೆ ಓಣಿಯ ತುಂಬ ನಮ್ಮ ಮನೆಯವರ ಉಸಿರು ಬಣ್ಣಬಣ್ಣವಾಗಿ ತೇಲಾಡುತ್ತಿತ್ತು.

ರಜೆ ಮುಗಿದ ದಿನ ಅವ್ವ ಸೆರಗನ್ನು ಹೆಗಲ ಮೇಲಷ್ಟೇ ಹಾಕಿಕೊಂಡು ಶಾಲೆಗೆ ಹೊರಟಳು. ಅಪ್ಪ, ನಾನು ಅವಳ ಶಾಲೆಯ ಗೇಟಿನತನಕ ಹೋದೆವು. ಅವಳ ಮುಖ ಇನ್ನೂ ಪೂರ್ತಿ ಬಂದಿರಲಿಲ್ಲ. ಒಂದು ಸಣ್ಣ ಹುಡುಗಿ ಓಡಿ ಬಂದು ಅವಳನ್ನು ನೋಡಿ, "ಅಕ್ಕೋರ, ಬಾಯಿಗೆ ಏನಾತ್ರಿ?" ಎಂದಳು.

"ಮಲಗೈತವಾ. ಎಬ್ಬಿಸಾಕತ್ತೇನಿ" ಎಂದಳು ಅವ್ವ. ಹುಡುಗಿಗೆ ಅಷ್ಟು ಸಾಕಾಯಿತು. ಅವ್ವನ ಕೈ ಹಿಡಿದುಕೊಂಡು ಒಳಗೆ ಹೋದಳು. ಅಪ್ಪ ಗೇಟಿನ ಬಳಿ ನಿಂತೇ ಇದ್ದ. ಒಳಗಿನಿಂದ ಮಕ್ಕಳೆಲ್ಲ ಒಟ್ಟಿಗೆ ಅಕ್ಷರ ಹೇಳುವ ಸದ್ದು ಬಂದ ಮೇಲೆಯೇ ಹೊರಟ. ಆ ದಿನ ಅವನು ತನ್ನ ಶಾಲೆಗೆ ತಡವಾಗಿ ಹೋದ. ನನಗೆ ಗೊತ್ತಿರುವಂತೆ ಅದೊಂದೇ ಸಲ.

ಯುಗಾದಿಯ ಹೊತ್ತಿಗೆ ಕಣ್ಣು ಮುಚ್ಚತೊಡಗಿತು, ತುಟಿ ಕೂಡಿತು. ನಗುವಾಗ ಮಾತ್ರ ಎಡಬದಿ ಸ್ವಲ್ಪ ಹಿಂದೆ ಉಳಿಯುತ್ತಿತ್ತು, ಎಡಗಣ್ಣು ಕಿರಿದಾಗುತ್ತಿತ್ತು. ಅದು ಕೊನೆಯವರೆಗೂ ಹೋಗಲಿಲ್ಲ. ಗಡಿಯಾರದ ವಿಷಯದಲ್ಲಿ ಅಪ್ಪನೂ ಎಳ್ಳಷ್ಟೂ ಬದಲಾಗಲಿಲ್ಲ. ತಾರೀಖಿನ ಕಿಂಡಿ ಕಂಡರೆ ಮೊದಲಿನಂತೆಯೇ ಮುಖ ಕಿವುಚುತ್ತಿದ್ದ. ಹಲ್ಲು ಬೇನೆಯ ಮಾತನ್ನು ಮಾತ್ರ ಮತ್ತೆ ಆಡಲಿಲ್ಲ.

ಈಗ ಅಪ್ಪ ಇಲ್ಲ. ಈರಣ್ಣ ಕಾಕಾನೂ ಇಲ್ಲ. ಆ ಓಣಿಯಲ್ಲಿ ಕಟ್ಟೆಗಳನ್ನು ಒಡೆದು ರಸ್ತೆ ಅಗಲ ಮಾಡಿದ್ದಾರೆ. ಹೊತ್ತು ಕೇಳಲು ಯಾರೂ ಯಾರ ಮನೆಯ ಮುಂದೆಯೂ ನಿಲ್ಲುವುದಿಲ್ಲ. ಗಡಿಯಾರದ ಅಂಕಿಗಳ ವಿಷಯಕ್ಕೆ ಇಡೀ ಬೆಳಿಗ್ಗೆ ವಾದಿಸಿ, ಜಗಳವಾಡದೆ ಊಟಕ್ಕೆ ಏಳುವ ಗೆಳೆಯರನ್ನು ನಾನು ಆಮೇಲೆ ಕಂಡಿಲ್ಲ. ಅವ್ವ ಹುಬ್ಬಳ್ಳಿಯಲ್ಲಿ ನನ್ನ ಜೊತೆಗಿದ್ದಾಳೆ.

ಹೋದ ತಿಂಗಳು ನನ್ನ ಮಗಳು ಅಜ್ಜಿಯ ಫೋಟೋ ತೆಗೆದಳು. ಅವ್ವ ಯಾವುದಕ್ಕೋ ನಗುತ್ತಿದ್ದಳು. ಈಗಿನ ಫೋನುಗಳಿಗೆ ಮುಖದ ಎಡಬಲವನ್ನು ತಾವೇ ಸರಿ ಮಾಡುವುದು ಗೊತ್ತು. ಮಗಳು ಪ್ರೀತಿಯಿಂದಲೇ ಅದನ್ನು ಮಾಡಿ, ಅಜ್ಜಿಯ ಮುಂದೆ ಹಿಡಿದಳು. ಅವ್ವ ಚಷ್ಮಾ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಛಲೋ ಬಂದೈತಿ ತಂಗಿ. ಆದ್ರ ಇದನ್ನ ನೋಡಿದ್ರ ನಿಮ್ಮ ಅಜ್ಜಗ ನನ್ನ ಗುರ್ತಾ ಸಿಗಂಗಿಲ್ಲ."

ಮಗಳು ನಕ್ಕು, ಫೋಟೋ ಅಳಿಸಿ ಬೇರೆ ತೆಗೆಯಲು ಹೊರಟಳು. ಅವ್ವನೂ ನಕ್ಕಳು, ಎಡಬದಿ ಸ್ವಲ್ಪ ತಡವಾಗಿ. ಆ ತಡವನ್ನು ಕಾಯುತ್ತಾ ನೋಡುವವರು ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ ಅಪ್ಪ, ನಾನು ಇಬ್ಬರಿದ್ದೆವು. ಈಗ ನಾನೊಬ್ಬಳೇ.